ಎಂಟನೇ ಕ್ಲಾಸಿನಲ್ಲಿ ಮಕ್ಕಳ ಬಾಯಿ ಕಟ್ಟಿದವರು ಯಾರು?

ಏಳು ವರ್ಷ ಕನ್ನಡದಲ್ಲಿ ಕಲಿತ ಮಗು. ಜೂನ್ ಬಂತು, ಎಂಟನೇ ಕ್ಲಾಸಿನ ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಬಂದು ಕೂತಿತು. ಗಣಿತ ಇಂಗ್ಲಿಷಿನಲ್ಲಿ. ವಿಜ್ಞಾನ ಇಂಗ್ಲಿಷಿನಲ್ಲಿ. ಸಮಾಜ ವಿಜ್ಞಾನವೂ ಇಂಗ್ಲಿಷಿನಲ್ಲಿ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದಾಗ ಬಾರದಿದ್ದ ಇಂಗ್ಲಿಷ್ ಬೇಸಿಗೆ ರಜೆಯಲ್ಲಿ ದನ ಕಾಯುತ್ತಾ, ಕಳೆ ಕೀಳುತ್ತಾ ಬಂದುಬಿಡುತ್ತದೆ ಎಂದು ತೀರ್ಮಾನ ಮಾಡಿದವರು ಯಾರು? ಯಾವ ಕಡತದಲ್ಲಿ ಹಾಗೆ ಬರೆದಿದೆ? ಯಾರು ಸಹಿ ಹಾಕಿದ್ದಾರೆ?

ಯಾರೂ ಉತ್ತರ ಕೊಡುವುದಿಲ್ಲ. ಕೊಡಬೇಕು ಅಂತ ಯಾರಿಗೂ ಅನಿಸಿಲ್ಲ. ಮಕ್ಕಳ ತಲೆಯ ಮೇಲೆ ಇಷ್ಟು ದೊಡ್ಡ ಬಂಡೆ ಉರುಳಿಸಿ, ಅದಕ್ಕೊಂದು ಬೋರ್ಡ್ ಬರೆಸಿ, ಶಾಸಕರನ್ನು ಕರೆಸಿ ರಿಬ್ಬನ್ ಕತ್ತರಿಸಿ ಮನೆಗೆ ಹೋದರು.

ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟು ಇಂಗ್ಲಿಷಿನ ಮೇಲಲ್ಲ. ಹಳ್ಳಿಯ ಮಗು ಇಂಗ್ಲಿಷ್ ಕಲಿಯಬೇಕು, ಗಟ್ಟಿಯಾಗಿ ಕಲಿಯಬೇಕು, ಬೆಂಗಳೂರಿನ ಯಾವ ಕಚೇರಿಯಲ್ಲೂ ತಲೆ ತಗ್ಗಿಸದ ಹಾಗೆ ಕಲಿಯಬೇಕು. ನನ್ನ ಸಿಟ್ಟು ಇಂಗ್ಲಿಷ್ ಕಲಿಸದೆಯೇ ಇಂಗ್ಲಿಷಿನಲ್ಲಿ ಪಾಠ ಹೇರುವ ಈ ಅನ್ಯಾಯದ ಮೇಲೆ. ಭಾಷೆಯೂ ಬರಲಿಲ್ಲ, ವಿಷಯವೂ ಬರಲಿಲ್ಲ. ಎರಡನ್ನೂ ಕಿತ್ತುಕೊಂಡು ಕೈಗೆ ಹಾಲ್ ಟಿಕೆಟ್ ಕೊಟ್ಟರು.

ನಂಬಿಕೆ ಬರದಿದ್ದರೆ ಯಾವುದಾದರೂ ಹೋಬಳಿಯ ಪ್ರೌಢಶಾಲೆಗೆ ಹೋಗಿ ಒಂದು ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕೂತುಬನ್ನಿ. ಮೇಷ್ಟ್ರು ಪುಸ್ತಕ ತೆಗೆದು ಒಂದು ಸಾಲು ಇಂಗ್ಲಿಷಿನಲ್ಲಿ ಓದುತ್ತಾರೆ. ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ಆಗ ಮಕ್ಕಳ ಮುಖ ಒಂದಿಷ್ಟು ಅರಳುತ್ತದೆ. ಅಷ್ಟರಲ್ಲಿ ಸಿಲಬಸ್ ನೆನಪಾಗುತ್ತದೆ. ಬೋರ್ಡಿನ ಮೇಲೆ ಪ್ರಶ್ನೆ, ಅದರ ಕೆಳಗೆ ಉತ್ತರ. ನಲವತ್ತು ತಲೆಗಳು ಬಗ್ಗಿ ನೋಟ್ಸ್ ಇಳಿಸಿಕೊಳ್ಳುತ್ತವೆ. ಬರೆಯುವುದಲ್ಲ ಅದು, ಅಕ್ಷರದ ಚಿತ್ರ ತೆಗೆಯುವುದು. ಮಧ್ಯೆ ಒಂದು ಪದ ಬಿಟ್ಟುಹೋದರೂ ಬಿಟ್ಟುಹೋಯಿತು ಅಂತ ಗೊತ್ತಾಗುವುದಿಲ್ಲ. ಯಾಕೆಂದರೆ ಆ ವಾಕ್ಯ ಏನು ಹೇಳುತ್ತಿದೆ ಅಂತಲೇ ಗೊತ್ತಿಲ್ಲ.

ಪೀರಿಯಡ್ ಮುಗಿಯಿತು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಹೋದ ವರ್ಷ ಇದೇ ಹುಡುಗಿ, ಕೆರೆಯ ನೀರು ಬೆಳಿಗ್ಗೆ ಬೆಚ್ಚಗಿರುವುದು ಯಾಕೆ ಅಂತ ಎದ್ದು ನಿಂತು ಕೇಳಿದ್ದಳು. ಈ ವರ್ಷ ಅವಳಿಗೆ ಬಾಯಿಲ್ಲ. ಕೇಳಬೇಕಾದ್ದು ಕನ್ನಡದಲ್ಲಿದೆ, ಪಾಠ ಇಂಗ್ಲಿಷಿನಲ್ಲಿದೆ. ನಗುತ್ತಾರೆ ಅನ್ನುವ ಭಯ. ಸುಮ್ಮನಾದಳು. ಆ ಮೌನಕ್ಕೆ ಶಾಲೆ ಒಂದು ಹೆಸರಿಟ್ಟಿದೆ. ಪೋಷಕರ ಸಭೆಯಲ್ಲಿ ಅವಳ ಅಪ್ಪನಿಗೆ ಹೇಳುತ್ತಾರೆ: ‘ನಿಮ್ಮ ಹುಡುಗಿ ವೀಕ್ ಇದಾಳೆ, ಸ್ವಲ್ಪ ನೋಡ್ಕೊಳ್ಳಿ.’

ವೀಕ್? ಯಾರು ವೀಕ್?

ಒಂದು ಲೆಕ್ಕ ಹೇಳುತ್ತೇನೆ, ಕೇಳಿ. ನಿಂತಿದ್ದ ಬಸ್ಸು ಹೊರಡುತ್ತದೆ. ಅದರ ವೇಗ ಪ್ರತಿ ಸೆಕೆಂಡೂ ಸೆಕೆಂಡಿಗೆ ಎರಡು ಮೀಟರಿನಷ್ಟು ಏರುತ್ತಾ ಹೋಗುತ್ತದೆ. ಹತ್ತು ಸೆಕೆಂಡಾದ ಮೇಲೆ ವೇಗ ಎಷ್ಟು? ಏಳನೇ ಕ್ಲಾಸು ಮುಗಿಸಿದ ಮಗು ಬೆರಳು ಮಡಚುವಷ್ಟರಲ್ಲಿ ಇಪ್ಪತ್ತು ಅನ್ನುತ್ತದೆ. ನಿಂತ ಬಸ್ಸಿನ ವೇಗ ಸೊನ್ನೆ ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಲೆಕ್ಕ ಒಂಬತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಯಲ್ಲಿ ‘ಸ್ಟಾರ್ಟಿಂಗ್ ಫ್ರಮ್ ರೆಸ್ಟ್’ ಎಂದು ಶುರುವಾಗುತ್ತದೆ. ಮಗುವಿಗೆ ಗೊತ್ತಿರುವ ರೆಸ್ಟ್ ಎಂದರೆ ಮಲಗುವುದು, ದಣಿವಾರಿಸಿಕೊಳ್ಳುವುದು. ಆ ಮೂರು ಪದಗಳಲ್ಲಿ ಸೊನ್ನೆ ಅಡಗಿದೆ, ಅದನ್ನು ಸೂತ್ರದೊಳಗೆ ಹಾಕಬೇಕು ಅಂತ ಅದಕ್ಕೆ ಹೊಳೆಯುವುದು ಹೇಗೆ? ಹೊಳೆಯುವುದಿಲ್ಲ. ಲೆಕ್ಕ ಬಿಟ್ಟು ಮುಂದಕ್ಕೆ ಹೋಗುತ್ತದೆ. ಮೂರು ಅಂಕ ಹೋಯಿತು. ಇದು ಭೌತಶಾಸ್ತ್ರ ಬಾರದೆ ಹೋದ ಅಂಕವೇ? ಮಗುವಿಗೆ ಗೊತ್ತಿದ್ದದ್ದನ್ನೇ ಗೊತ್ತಿಲ್ಲ ಎಂದು ಬರೆದುಕೊಟ್ಟ ಪರೀಕ್ಷೆ ಇದು. ಗಣಿತದಲ್ಲಿ, ರಸಾಯನದಲ್ಲಿ, ಪ್ರತಿ ಪುಟದಲ್ಲೂ ಇದೇ ಕಥೆ.

ಸಮಾಜ ವಿಜ್ಞಾನಕ್ಕೆ ಬನ್ನಿ, ಹೊಟ್ಟೆ ಉರಿಯುತ್ತದೆ. ಹಲ್ಮಿಡಿ ಇರುವುದು ಹಾಸನ ಜಿಲ್ಲೆಯ ಬೇಲೂರು ತಾಲೂಕಿನಲ್ಲಿ. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕ ಊರು. ಆ ಜಿಲ್ಲೆಯ ಹುಡುಗ, ಕನ್ನಡವನ್ನೇ ಮನೆಯಲ್ಲಿ ಆಡುವ ಹುಡುಗ, ಅದರ ಬಗ್ಗೆ ನಾಲ್ಕು ಸಾಲು ಇಂಗ್ಲಿಷ್ ಉರು ಹೊಡೆಯಬೇಕು. ಸಂಸ್ಕೃತ ಬಿಟ್ಟು ಜನರ ಬಾಯಿಮಾತಿನಲ್ಲಿ ತತ್ವ ಹೇಳಿದರು ಅನ್ನುವುದೇ ವಚನಕಾರರ ದೊಡ್ಡಸ್ತಿಕೆ. ಆ ಪಾಠವನ್ನು ಕಲ್ಯಾಣದ ಪಕ್ಕದ ಊರಿನ ಹುಡುಗಿ ಅರ್ಥವಾಗದ ಭಾಷೆಯಲ್ಲಿ ಬಾಯಿಪಾಠ ಮಾಡಿ ಐದು ಅಂಕಕ್ಕೆ ಬರೆಯುತ್ತಾಳೆ. ಬಸವಣ್ಣನ ಪ್ರತಿಮೆಗೆ ವರ್ಷವರ್ಷ ಹಾರ ಹಾಕುವ ಮಂತ್ರಿಗಳೇ, ಈ ಹುಡುಗಿಯ ನೋಟ್‌ಬುಕ್ ಒಮ್ಮೆ ತೆರೆದು ನೋಡಿದ್ದೀರಾ?

ಇಷ್ಟಕ್ಕೂ ಕನ್ನಡ ಮನೆಮಾತಾದ ಮಕ್ಕಳದ್ದೇ ಈ ಪಾಡಾದರೆ ತಾಂಡಾದ ಲಂಬಾಣಿ ಮಗುವಿನ ಪಾಡೇನು? ಏಳನೇವರೆಗೆ ಉರ್ದುವಿನಲ್ಲಿ ಓದಿ, ಊರಲ್ಲಿ ಉರ್ದು ಪ್ರೌಢಶಾಲೆ ಇಲ್ಲದೆ ಎಂಟಕ್ಕೆ ಇಂಗ್ಲಿಷ್ ವಿಭಾಗಕ್ಕೆ ಬಂದ ಹೆಣ್ಣುಮಗುವಿನ ಪಾಡೇನು? ಅವರು ಯಾವ ಚರ್ಚೆಯಲ್ಲೂ ಇಲ್ಲ. ಕನ್ನಡಪರ ಭಾಷಣಗಳಲ್ಲೂ ಇಲ್ಲ.

ಮೇಷ್ಟ್ರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಜೀವವಿಜ್ಞಾನದ ಸಿಬಿಝಡ್ ಮೇಡಂ ಒಬ್ಬರೇ ಕನ್ನಡ ವಿಭಾಗಕ್ಕೂ ಇಂಗ್ಲಿಷ್ ವಿಭಾಗಕ್ಕೂ ಪಾಠ ಮಾಡಬೇಕು. ಗಣಿತ-ಭೌತಶಾಸ್ತ್ರದ ಪಿಸಿಎಂ ಹುದ್ದೆ ಖಾಲಿ ಇದ್ದರೆ ಅತಿಥಿ ಶಿಕ್ಷಕರು, ಅವರಿಗೆ ತಿಂಗಳುಗಟ್ಟಲೆ ಸಂಬಳ ಬರುವುದಿಲ್ಲ. ತಾವೂ ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇದೇ ಏಟು ತಿಂದು, ಹೇಗೋ ಈಜಿ ದಡ ಸೇರಿದವರು ಅವರು. ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವುದು ಹೇಗೆ ಅನ್ನುವುದೇ ಒಂದು ಬೇರೆ ವಿದ್ಯೆ. ಪಾಠಕ್ಕೆ ಮುಂಚೆ ಯಾವ ಪದ ಬಿಡಿಸಿಡಬೇಕು, ಮಕ್ಕಳು ತಮ್ಮ ಭಾಷೆಯಲ್ಲಿ ಚರ್ಚಿಸಿ ಆಮೇಲೆ ಇಂಗ್ಲಿಷಿಗೆ ಹೇಗೆ ಬರಬೇಕು, ಒಂದು ವಾಕ್ಯ ಕಟ್ಟಲು ಎಷ್ಟು ಆಸರೆ ಕೊಡಬೇಕು, ಆ ಆಸರೆಯನ್ನು ಯಾವಾಗ ತೆಗೆಯಬೇಕು. ಬಿ.ಎಡ್.ನಲ್ಲಿ ಇದನ್ನು ಅವರಿಗೆ ಕಲಿಸಿದವರು ಯಾರು? ಸೇವೆಗೆ ಸೇರಿದ ಮೇಲೆ ಕಲಿಸಿದವರು ಯಾರು? ಕೆಲವೇ ದಿನಗಳ ತರಬೇತಿ, ಒಂದು ಹಾಜರಿ ಪುಸ್ತಕ, ಒಂದು ಗ್ರೂಪ್ ಫೋಟೊ. ಮುಗಿಯಿತು.

ಮಕ್ಕಳಿಗೆ ಸಿಕ್ಕಿದ್ದೇನು? ಜೂನ್ ತಿಂಗಳ ಸೇತುಬಂಧ. ಹಿಂದಿನ ತರಗತಿಯ ಕೊರತೆ ತುಂಬಲು ಮಾಡಿದ ಕೆಲವು ದಿನಗಳ ಕಾರ್ಯಕ್ರಮ ಅದು. ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟಿಸಲು ಮಾಡಿದ್ದಲ್ಲ. ಸೇತುಬಂಧ ಮುಗಿದ ಮಾರನೇ ದಿನ ಪುಸ್ತಕ ಶುರು.

ಈಗ ಲೆಕ್ಕ ಹಾಕೋಣ. ಟೊರಾಂಟೊದ ವಿದ್ವಾಂಸ ಜಿಮ್ ಕಮಿನ್ಸ್ ಹೊಸ ಭಾಷೆ ಕಲಿಯಲು ಎಷ್ಟು ಕಾಲ ಬೇಕು ಅನ್ನುವುದನ್ನು ನಲವತ್ತು ವರ್ಷಕ್ಕೂ ಹಿಂದೆಯೇ ಬಿಡಿಸಿ ಹೇಳಿದರು. ವಲಸೆ ಬಂದ ಮಗು ಆಟದ ಮೈದಾನದ ಇಂಗ್ಲಿಷನ್ನು ಸುಮಾರು ಎರಡು ವರ್ಷದಲ್ಲಿ ಹಿಡಿಯುತ್ತದೆ. ಪಾಠದ ಇಂಗ್ಲಿಷಿನಲ್ಲಿ ಓರಗೆಯ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ನೆನಪಿಡಿ, ಇದು ಕೆನಡಾದಲ್ಲಿ. ಬೀದಿಯಲ್ಲಿ, ಅಂಗಡಿಯಲ್ಲಿ, ಟಿವಿಯಲ್ಲಿ ಇಡೀ ದಿನ ಇಂಗ್ಲಿಷ್ ಕಿವಿಗೆ ಬೀಳುವ ಊರಿನಲ್ಲಿ. ನಮ್ಮ ಮಗುವಿಗೆ ಎಂಟನೆಯ ಜೂನ್‌ನಿಂದ ಹತ್ತನೆಯ ಮಾರ್ಚ್‌ವರೆಗೆ ಮೂರು ವರ್ಷವೂ ಇಲ್ಲ. ಕ್ಲಾಸಿನ ಬಾಗಿಲು ದಾಟಿದರೆ ಇಂಗ್ಲಿಷ್ ಮಾತೇ ಇಲ್ಲ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆಯಲ್ಲ ಅನ್ನುತ್ತೀರಾ? ಏಳು ವರ್ಷ ದಿನಕ್ಕೊಂದು ಪೀರಿಯಡ್, ಅದೂ ಎಷ್ಟೋ ಕಡೆ ಇಂಗ್ಲಿಷಿಗೆಂದೇ ಶಿಕ್ಷಕರಿಲ್ಲದ ಶಾಲೆಯಲ್ಲಿ. ಆ ಬಂಡವಾಳದಲ್ಲಿ ಮಗು ದ್ಯುತಿಸಂಶ್ಲೇಷಣೆಯನ್ನು ಇಂಗ್ಲಿಷಿನಲ್ಲಿ ವಿವರಿಸಬೇಕು.

ವಿವರಿಸುವುದಿಲ್ಲ. ಅದಕ್ಕೇ ಪಾಸಿಂಗ್ ಪ್ಯಾಕೇಜ್ ಬಂತು. ಜನವರಿ ಹೊತ್ತಿಗೆ ತಾಲೂಕಿನ ಶಿಕ್ಷಣಾಧಿಕಾರಿ ಬಿಇಒ ಸಭೆ, ಜಿಲ್ಲೆಯ ಉಪನಿರ್ದೇಶಕ ಡಿಡಿಪಿಐ ಸಭೆ, ಜಿಲ್ಲೆಗೆ ಎಷ್ಟನೇ ಸ್ಥಾನ ಅನ್ನುವ ಗಾಬರಿ. ಪುಸ್ತಕ ಪಕ್ಕಕ್ಕಿಡಿ, ಇಷ್ಟು ಪ್ರಶ್ನೆ, ಇಷ್ಟು ಚಿತ್ರ, ಇಷ್ಟು ವ್ಯಾಖ್ಯೆ ಉರು ಹೊಡೆಯಿರಿ. ಹದಿನೈದು ವರ್ಷದ ಮಗುವಿನ ತಲೆಯನ್ನು ಪಾಸಿನ ಅಂಕಕ್ಕೆ ಅಳೆದು ತುಂಬಿದರು. ನಿಮಗೆ ಬೇಕಾಗಿದ್ದು ಶೇಕಡಾವಾರು ಅಂಕಿ. ಕಲಿಕೆ ಯಾರಿಗೆ ಬೇಕಾಗಿತ್ತು?

2024ರಲ್ಲಿ ಬಣ್ಣ ಬಯಲಾಯಿತು. ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಧಾರಾಳವಾಗಿ ಸುರಿದ ಮೇಲೆ, ಅದಕ್ಕೆ ಬೇಕಾದ ಕನಿಷ್ಠ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. ಇದು ಎಲ್ಲ ಮಾಧ್ಯಮದ ಮಕ್ಕಳ ಒಟ್ಟು ಫಲಿತಾಂಶ, ನಿಜ. ಕನ್ನಡ ಮಾಧ್ಯಮದ ಕ್ಲಾಸುಗಳಲ್ಲೂ ಕಲಿಕೆ ಸೊರಗಿದೆ, ಅದನ್ನೂ ಒಪ್ಪಬೇಕು. ಆದರೆ ಅರ್ಥವಾಗದ್ದನ್ನು ಬಾಯಿಪಾಠ ಮಾಡಿಸುವುದನ್ನೇ ಶಿಕ್ಷಣ ಅಂತ ಕರೆದರೆ ಕ್ಯಾಮೆರಾ ಇಟ್ಟ ದಿನ ಏನಾಗುತ್ತದೆ ಅಂತ ಆ ಬೇಸಿಗೆ ತೋರಿಸಿತು. ಆಗ ಸರ್ಕಾರ ಏನು ಮಾಡಿತು? ಪಾಠ ಸರಿ ಮಾಡಲಿಲ್ಲ. ಅಂಕದ ಗೆರೆ ಇಳಿಸಿತು.

ಫಲಿತಾಂಶದ ದಿನ ಒಂದು ಮಾತು ತಪ್ಪದೆ ಕೇಳುತ್ತೇವೆ: ಇಂಗ್ಲಿಷ್ ಮಾಧ್ಯಮದ ಶೇಕಡಾವಾರು ಕನ್ನಡ ಮಾಧ್ಯಮಕ್ಕಿಂತ ಮೇಲಿದೆ, ನೋಡಿ. ನೋಡಿದೆವು. ಆ ಅಂಕಿಯೊಳಗೆ ಎಲ್‌ಕೆಜಿಯಿಂದ ಇಂಗ್ಲಿಷ್ ಕೇಳಿದ, ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ ಇರುವ, ಟ್ಯೂಷನ್‌ಗೆ ಸಾವಿರಗಟ್ಟಲೆ ಸುರಿಯುವ ಮನೆಗಳ ಮಕ್ಕಳಿದ್ದಾರೆ. ಏಳನೇವರೆಗೆ ಕನ್ನಡದಲ್ಲಿ ಓದಿ ಎಂಟಕ್ಕೆ ಜಿಗಿದ ಕೂಲಿಕಾರರ ಮಗಳನ್ನು ಅದೇ ರಾಶಿಗೆ ಸೇರಿಸಿ ಲೆಕ್ಕ ಒಪ್ಪಿಸುತ್ತೀರಲ್ಲ, ಅವಳ ಲೆಕ್ಕ ಬೇರೆಯಾಗಿ ಕೊಡಿ. ಎಂಟಕ್ಕೆ ಮಾಧ್ಯಮ ಬದಲಿಸಿದ ಮಕ್ಕಳಲ್ಲಿ ಎಷ್ಟು ಜನ ಹತ್ತನೆಯನ್ನು ಮೊದಲ ಯತ್ನದಲ್ಲೇ ದಾಟಿದರು? ಎಷ್ಟು ಜನ ಒಂಬತ್ತರಲ್ಲೇ ಶಾಲೆ ಬಿಟ್ಟರು? ಪ್ರತಿ ಮಗುವಿನ ಹೆಸರೂ ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಇದೆ. ಇಷ್ಟು ತೆಗೆದು ಜನರ ಮುಂದಿಡಲು ಏನು ಕಷ್ಟ?

ಇದು ಒಂದು ಸರ್ಕಾರದ ಪಾಪವಲ್ಲ. ಎಲ್ಲರ ಕೈಗೂ ಅಂಟಿದೆ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ ಗೋಕಾಕ್ ಚಳವಳಿಗಾಗಿ 1982ರಲ್ಲಿ ನಟ ರಾಜ್‌ಕುಮಾರ್ ಬೀದಿಗೆ ಬಂದರು, ರಾಜ್ಯವೇ ಎದ್ದಿತು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಆದೇಶ ಮಾಡಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟಿನಲ್ಲಿ ಸೋತೆವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನಲ್ಲೂ ಸೋತೆವು. ಇಪ್ಪತ್ತು ವರ್ಷ ಒಂದರಿಂದ ನಾಲ್ಕರ ಬಗ್ಗೆ ವಾದ ಮಾಡಿದೆವು. ಆ ಇಪ್ಪತ್ತು ವರ್ಷದಲ್ಲಿ ಎಂಟನೇ ಕ್ಲಾಸಿನ ಮಗುವಿಗೆ ಏನಾಗುತ್ತಿದೆ ಅಂತ ಯಾವ ಹೋರಾಟಗಾರ ಕೇಳಿದ? ಯಾವ ಸಾಹಿತ್ಯ ಸಮ್ಮೇಳನ ಕೇಳಿತು? ಸಮ್ಮೇಳನದ ನಿರ್ಣಯದಲ್ಲಿ ಕನ್ನಡ ಉಳಿಯಬೇಕು ಅಂತ ಇರುತ್ತದೆ. ಕನ್ನಡದ ಮಗು ಉಳಿಯಬೇಕು ಅಂತ ಇರುವುದಿಲ್ಲ. ವೇದಿಕೆಯಲ್ಲಿ ಕನ್ನಡಕ್ಕೆ ಕಣ್ಣೀರು ಹಾಕಿ, ಸಂಜೆ ಮನೆಗೆ ಹೋಗಿ ಮಗನ ಐಸಿಎಸ್‌ಇ ಶಾಲೆಯ ಶುಲ್ಕ ಕಟ್ಟಿದವರು ನಮ್ಮಲ್ಲಿ ಒಬ್ಬರಿಬ್ಬರಲ್ಲ.

ಇನ್ನೊಂದು ಕಡೆ, ಶಾಲೆ ಖಾಲಿಯಾಗುತ್ತಿದೆ ಅಂತ ಹೆದರಿದ ಸರ್ಕಾರಗಳು ಇಂಗ್ಲಿಷ್ ಬೋರ್ಡ್ ನೇತುಹಾಕುತ್ತಾ ಹೋದವು. 74 ಆದರ್ಶ ವಿದ್ಯಾಲಯಗಳು, ಆರನೇ ತರಗತಿಯಿಂದಲೇ ಇಂಗ್ಲಿಷ್. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲೂ ಆರನೆಯಿಂದಲೇ ಇಂಗ್ಲಿಷ್. ಐದನೇವರೆಗೆ ಕನ್ನಡದಲ್ಲಿ ಓದಿದ ಬಡವರ ಮಕ್ಕಳನ್ನು ಪರೀಕ್ಷೆ ಇಟ್ಟು ಆರಿಸಿ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ. ವಸತಿ ಶಾಲೆಗಳಲ್ಲಿ ಊಟವಿದೆ, ಹಾಸಿಗೆಯಿದೆ, ನಿಷ್ಠೆಯಿಂದ ದುಡಿಯುವ ಶಿಕ್ಷಕರಿದ್ದಾರೆ, ಮಕ್ಕಳೂ ಜಾಣರು. ಹಾಗಿದ್ದೂ ಮೊದಲ ವರ್ಷ ರಾತ್ರಿ ಅಳುವ ಮಕ್ಕಳ ಬಗ್ಗೆ ಅಲ್ಲಿನ ವಾರ್ಡನ್‌ಗಳನ್ನು ಕೇಳಿ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ವಿಭಾಗ ತೆರೆದರು. ಆ ವರ್ಷ ಸೇರಿದ ಮಕ್ಕಳು ಈಗ ಪ್ರೌಢಶಾಲೆಯ ಬಾಗಿಲಿಗೆ ಬಂದಿದ್ದಾರೆ. ಅವರಿಗೆ ಏನು ಬಂತು, ಏನು ಬರಲಿಲ್ಲ ಅನ್ನುವ ವರದಿ ಎಲ್ಲಿ?

‘ಪೋಷಕರೇ ಕೇಳುತ್ತಿದ್ದಾರೆ’ ಅನ್ನುತ್ತಾರೆ. ಹೌದು, ಕೇಳುತ್ತಿದ್ದಾರೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ತಾಯಿ, ಸೂಪರ್‌ವೈಸರ್ ಇಂಗ್ಲಿಷಿನಲ್ಲಿ ಬೈದಾಗ ತಲೆ ತಗ್ಗಿಸಿ ನಿಂತ ತಾಯಿ, ನನ್ನ ಮಗಳಿಗೆ ಈ ಗತಿ ಬರಬಾರದು ಅಂತ ಕೇಳುತ್ತಾಳೆ. ಊರಲ್ಲಿ ಜಾತಿಯ ಕಾರಣಕ್ಕೆ ತುಳಿಸಿಕೊಂಡ ಅಪ್ಪ, ಇಂಗ್ಲಿಷ್ ಬಂದರೆ ನನ್ನ ಮಗ ಈ ಊರು ದಾಟುತ್ತಾನೆ ಅಂತ ಕೇಳುತ್ತಾನೆ. ಅವರು ಕೇಳಿದ್ದು ತಪ್ಪಲ್ಲ, ಅದು ಅವರ ಹಕ್ಕು. ಮಾತೃಭಾಷೆಯ ಹೆಸರಲ್ಲಿ ಅವರಿಗೆ ಬುದ್ಧಿ ಹೇಳಲು ಹೋಗುವವರಿಗೆ ನಾಚಿಕೆಯಾಗಬೇಕು. ಆದರೆ ಆ ತಾಯಿ ಕೇಳಿದ್ದು ಮಗಳಿಗೆ ಇಂಗ್ಲಿಷ್ ಬರಲಿ ಅಂತ. ನೀವು ಕೊಟ್ಟಿದ್ದು ಗೋಡೆಯ ಮೇಲೊಂದು ಬೋರ್ಡ್. ಅವಳ ಆಸೆಯನ್ನು ದಾಖಲಾತಿ ಅಂಕಿಯಾಗಿ ಮಾರಿಕೊಂಡಿರಿ. ಇದಕ್ಕಿಂತ ದೊಡ್ಡ ಮೋಸ ಇನ್ನೇನಿದೆ?

ಹೊರಗೆ ನೋಡಿ. ಸ್ಯಾನ್ ಫ್ರಾನ್ಸಿಸ್ಕೊ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮಕ್ಕಳನ್ನು ಯಾವ ನೆರವೂ ಕೊಡದೆ ಇಂಗ್ಲಿಷ್ ಕ್ಲಾಸಿನಲ್ಲಿ ಕೂರಿಸಿದ್ದರು. ಮನೆಯವರು ಕೋರ್ಟಿಗೆ ಹೋದರು. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಲೌ ವಿರುದ್ಧ ನಿಕೋಲ್ಸ್ ಮೊಕದ್ದಮೆಯಲ್ಲಿ, ಅದೇ ಪುಸ್ತಕ ಅದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಭಾಷೆ ಅರ್ಥವಾಗದ ಮಗುವಿಗೆ ಶಿಕ್ಷಣವೇ ಸಿಕ್ಕಂತಾಗಲಿಲ್ಲ ಎಂದು ಒಮ್ಮತದಿಂದ ಹೇಳಿತು. ಮಲೇಷ್ಯಾ 2003ರಲ್ಲಿ ಗಣಿತ ವಿಜ್ಞಾನಗಳನ್ನು ಇಂಗ್ಲಿಷಿಗೆ ಬದಲಿಸಿತು. ಹಳ್ಳಿ ಮಕ್ಕಳು ಹಿಂದೆ ಬೀಳುತ್ತಿದ್ದಾರೆ ಅನ್ನುವ ಕೂಗೆದ್ದ ಮೇಲೆ 2009ರಲ್ಲಿ ಹಿಂದಕ್ಕೆ ಸರಿಯಲು ತೀರ್ಮಾನಿಸಿತು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೇ ಸೆಕ್ಷನ್, ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುತ್ತದೆ. ಎಂಟನೇ ತರಗತಿ ಆ ಕಾಯಿದೆಯೊಳಗೇ ಬರುತ್ತದೆ. ಯಾವ ಬಿಇಒ ಕಚೇರಿಯ ಗೋಡೆಯ ಮೇಲೆ ಈ ಸಾಲು ಇದೆ?

ದಾರಿ ಇಲ್ಲ ಅನ್ನಬೇಡಿ. ಆಂಧ್ರದಲ್ಲಿ ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್ ಇರುವ ಪಠ್ಯಪುಸ್ತಕ ಅಚ್ಚು ಹಾಕಿ ಮಕ್ಕಳ ಕೈಗಿಟ್ಟರು. ನಮ್ಮ ಎಂಟು, ಒಂಬತ್ತು, ಹತ್ತರ ಪ್ರತಿ ಮಗುವಿನ ಕೈಗೂ ಅಂಥ ಪುಸ್ತಕ ಬರಲಿ. ಕನ್ನಡದ ಪುಸ್ತಕವೂ ಇದೆ, ಇಂಗ್ಲಿಷಿನದೂ ಇದೆ, ಎದುರುಬದುರು ಹೊಲಿಯಲು ಏನು ಅಡ್ಡಿ? ಮಾಧ್ಯಮ ಬದಲಿಸುವ ಮಗುವಿಗೆ ಒಂದು ಇಡೀ ವರ್ಷ ಇಂಗ್ಲಿಷಿಗೆಂದೇ ದಿನಕ್ಕೆರಡು ಪೀರಿಯಡ್ ಕೊಡಿ, ಅದಕ್ಕೆ ತರಬೇತಾದ ಶಿಕ್ಷಕರನ್ನು ನೇಮಿಸಿ. ಕ್ಲಾಸಿನಲ್ಲಿ ಕನ್ನಡ ಆಡುವುದು ಅಪರಾಧವಲ್ಲ ಅಂತ ಸುತ್ತೋಲೆ ಹೊರಡಿಸಿ. ಉತ್ತರಪತ್ರಿಕೆಯಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಬರೆದರೂ, ವಿಷಯ ಸರಿಯಿದ್ದರೆ ಅಂಕ ಕೊಡಿ. ವಿಜ್ಞಾನದ ಪರೀಕ್ಷೆ ವಿಜ್ಞಾನವನ್ನು ಅಳೆಯಲಿ. ಇದಕ್ಕೆ ಸಾವಿರಾರು ಕೋಟಿ ಬೇಡ. ಈ ಮಕ್ಕಳು ನಮ್ಮವರು ಅನ್ನುವ ಕರುಳು ಬೇಕು.

ಆ ಕರುಳು ಮೇಲಿನವರಲ್ಲಿ ತಾನಾಗಿ ಮಿಡಿಯುವುದಿಲ್ಲ. ಅವರ ಮಕ್ಕಳು ಈ ಬೆಂಚಿನ ಮೇಲಿಲ್ಲ. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರ್ಕಾರದ ಸಂಬಳ ತಿನ್ನುವವರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕು ಎಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತ್ತು. ಆ ಆದೇಶ ಕಾಗದದಲ್ಲೇ ಉಳಿಯಿತು. ಇಲ್ಲಿ ಅಂಥ ಆದೇಶ ಬಂದರೂ ಅದೇ ಗತಿ. ಕಾಯುತ್ತಾ ಕೂತರೆ ಇನ್ನೊಂದು ತಲೆಮಾರು ಫೇಲಾಗುತ್ತದೆ.

ಆದ್ದರಿಂದ ನಿಮ್ಮನ್ನೇ ಕೇಳುತ್ತೇನೆ. ನಿಮ್ಮೂರ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ವಿಭಾಗ ಇದ್ದರೆ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಮುಂದಿನ ಸಭೆಗೆ ಹೋಗಿ. ಮಕ್ಕಳಿಲ್ಲದಿದ್ದರೂ ಹೋಗಿ, ತೆರಿಗೆ ನಿಮ್ಮದು. ಎಂಟಕ್ಕೆ ಮಾಧ್ಯಮ ಬದಲಿಸಿದ ಮಕ್ಕಳೆಷ್ಟು, ಅವರಿಗೆ ಇಂಗ್ಲಿಷ್ ಕಲಿಸಲು ಏನು ಮಾಡಿದ್ದೀರಿ, ಯಾರು ಮಾಡುತ್ತಿದ್ದಾರೆ, ದಿನಕ್ಕೆ ಎಷ್ಟು ಹೊತ್ತು ಅಂತ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯದಿದ್ದರೆ ಬಿಇಒ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ಊರಿನವರು ಹಾಕಿದರೆ ಕಡತ ಅಲುಗಾಡುತ್ತದೆ, ನೂರು ಊರಿನವರು ಹಾಕಿದರೆ ವಿಧಾನಸೌಧಕ್ಕೆ ಕೇಳುತ್ತದೆ. ಮುಂದಿನ ಜೂನ್‌ಗೆ ಮುಂಚೆ ಹಾಕಿ.